ಗಾಜಿನ ಮಾತುಗಾರ

ಆ ಊರಿಗೆ ಹೋಗುವ ದಾರಿ ಬಲ್ಲವರು ಈಗ ಯಾರೂ ಉಳಿದಿಲ್ಲ. ಹೊಳೆಯೊಂದು ಅದನ್ನು ಎರಡು ಮಾಡಿ ಹರಿಯುತ್ತಿತ್ತು ಎಂಬುದು ಮಾತ್ರ ಗೊತ್ತು. ಒಂದು ಕಡೆ ಆಚೆದಡ, ಇನ್ನೊಂದು ಕಡೆ ಈಚೆದಡ. ಆಚೆದಡದವರು ಹೊಳೆಯ ಮೇಲ್ಗಡೆ ಕಟ್ಟೆ ಕಟ್ಟಿಸಿ, ಅದರ ನೀರಿನಲ್ಲಿ ತೋಟ ಮಾಡಿಕೊಂಡಿದ್ದರು. ಈಚೆದಡದಲ್ಲಿ ಬಣ್ಣಗಾರರು, ಬುಟ್ಟಿ ಹೆಣೆಯುವವರು, ಅಗಸರು, ಅಂಬಿಗರು ಇದ್ದರು. ಎರಡೂ ದಡದವರು ಒಂದೇ ಭಾಷೆ ಆಡುತ್ತಿದ್ದರು. ಸಂಜೆಯಾದರೆ ಎರಡೂ ದಡದವರು ಒಬ್ಬನೇ ಮಾತುಗಾರನ ಬಾಯಿ ನೋಡುತ್ತ ಕೂರುತ್ತಿದ್ದರು.

ಊರಿನ ಪ್ರತಿ ಮನೆಯ ಗೋಡೆಯಲ್ಲೂ ಒಂದು ಗಾಜು ಇತ್ತು. ಹಗಲೆಲ್ಲ ಅದು ಬಾವಿಯ ತಳದ ಹಾಗೆ ಕಪ್ಪಗಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಅದರೊಳಗೆ ಬೆಳಕು ಮೂಡಿ ಮಾತುಗಾರನ ಮುಖ ಕಾಣಿಸಿಕೊಳ್ಳುತ್ತಿತ್ತು. ಆ ದಿನ ಊರಿನಲ್ಲಿ ಏನೇನು ಆಯಿತೆಂದು ಅವನು ಹೇಳುತ್ತಿದ್ದ. ಊರಿಗಿದ್ದದ್ದು ಒಂದೇ ಕಟ್ಟಳೆ. ಗಾಜಿನಲ್ಲಿ ಹೇಳಿದ್ದು ಆಯಿತು. ಹೇಳದೆ ಇದ್ದದ್ದು ಆಗಲಿಲ್ಲ.

ಹೀಗಾಗಿ ಆ ಊರಿನಲ್ಲಿ ಹುಟ್ಟಿದ ಮಗುವನ್ನು ಮಾತುಗಾರ ಹೇಳುವ ತನಕ ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ತಾಳಿ ಕಟ್ಟಿಸಿಕೊಂಡ ಹುಡುಗಿ, ಮಾತುಗಾರ ಮರೆತರೆ, ವಾರಗಟ್ಟಲೆ ತವರಿನವಳೂ ಆಗದೆ ಗಂಡನ ಮನೆಯವಳೂ ಆಗದೆ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಮಳೆ ಬಂದ ದಿನ ತೊಯ್ದು ತೊಪ್ಪೆಯಾದವರೂ ಸಂಜೆಯವರೆಗೆ ಮಳೆಯ ಸುದ್ದಿ ಎತ್ತುತ್ತಿರಲಿಲ್ಲ.

ಮಾತುಗಾರ ಆಚೆದಡದಲ್ಲಿ ಹುಟ್ಟಿದವನು. ಆಚೆದಡದ ಸುದ್ದಿಯನ್ನು ಅವನು ಹೂವಿನ ಹಾಗೆ ಎತ್ತಿ ಎತ್ತಿ ತೋರಿಸುತ್ತಿದ್ದ. ಈಚೆದಡದ ಸುದ್ದಿ ಬಂದರೆ ಅವನ ತುಟಿಯ ಎಡಗಡೆ ಸ್ವಲ್ಪ ಮೇಲೇರುತ್ತಿತ್ತು. ಅಲ್ಲಿ ಒಂದು ಚಣ ನಿಲ್ಲುತ್ತಿದ್ದ. ಊರಿಗೆ ಊರೇ ಉಸಿರು ಹಿಡಿಯುತ್ತಿತ್ತು.

"ಈಚೆದಡದವರು ನಿನ್ನೆ ಮೂರು ತಾಸು ಸಭೆ ಸೇರಿದ್ದರು" ಎನ್ನುತ್ತಿದ್ದ. "ಕೊನೆಗೆ ಒಂದು ವಿಷಯಕ್ಕೆ ಎಲ್ಲರೂ ಒಪ್ಪಿದರು. ಕೂತಿದ್ದು ಸಾಕು ಅಂತ."

"ಯಜಮಾನರು ಹೊಳೆಗೆ ಸೇತುವೆ ಕಟ್ಟಿಸಿಕೊಡುತ್ತೇನೆ ಅಂದರು. ಈಚೆದಡದವರು ಬೇಡ ಅಂದರು. ಪಾಪ, ದೂರವೇ ಇಲ್ಲದ ಮೇಲೆ ದೂರು ಎಲ್ಲಿಂದ ತರುತ್ತಾರೆ?"

ಆಚೆದಡದ ಕಿಟಕಿಗಳಿಂದ ನಗೆ ಎದ್ದು ಹೊಳೆಯ ಮೇಲೆ ಉರುಳಿಕೊಂಡು ಬರುತ್ತಿತ್ತು. ಈಚೆದಡದವರು ಹಲ್ಲು ಕಚ್ಚಿ ಕೂತಿರುತ್ತಿದ್ದರು. ನಗುತ್ತಿದ್ದವಳು ಒಬ್ಬಳೇ. ಅವಳು ಬಣ್ಣಗಾರ್ತಿ.

ಬಣ್ಣಗಾರ್ತಿ ಅಂಬಿಗನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ಅವನ ಸಾವನ್ನು ಮಾತುಗಾರ ಅರ್ಧ ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ಅವಳು ಗಂಡನ ನೀಲಿಯ ತೊಟ್ಟಿಗಳನ್ನೂ ಕೋಲುಗಳನ್ನೂ ಗಾಡಿಗೆ ಹೇರಿಕೊಂಡು ಅಣ್ಣನ ಮನೆಗೆ ಬಂದಳು, ಹಿತ್ತಲಲ್ಲಿ ತೊಟ್ಟಿ ಹೂಳಿ ಬಟ್ಟೆಗೆ ಬಣ್ಣ ಹಾಕತೊಡಗಿದಳು. ಮೊಣಕೈವರೆಗೆ ಕೈ ನೀಲಿಯಾಯಿತು. ಏಳು ವರ್ಷ ಅವಳು ನಗಲಿಲ್ಲ. ಅಣ್ಣ ಕೋತಿಯಂತೆ ಕುಣಿದರೂ ನಗಲಿಲ್ಲ. ಅತ್ತಿಗೆ ದೇವರಿಗೆ ಹೇಳಿಕೊಂಡರೂ ನಗಲಿಲ್ಲ.

ಒಂದು ಬೇಸಿಗೆಯ ಸಂಜೆ ಮಾತುಗಾರ ಗಾಜಿನೊಳಗಿಂದ ಹೇಳಿದ: "ಈಚೆದಡದ ಬಾವಿ ಬತ್ತಿದೆಯಂತೆ. ಬತ್ತದೆ ಏನು? ಆ ಬೀದಿಯವರ ಜೊತೆ ಕೂಗಿ ಕೂಗಿ ಅದರ ಗಂಟಲೂ ಒಣಗಿದೆ."

ಅದು ಅವಳ ಬೀದಿಯ ಬಾವಿ. ಆ ದಿನ ಬೆಳಿಗ್ಗೆ ಒಂದು ಕೊಡ ನೀರಿಗಾಗಿ ಅವಳೂ ಅಲ್ಲಿ ನಿಂತು ಕೂಗಿದ್ದಳು. ಅಂಥವಳು ತಟ್ಟನೆ ನಕ್ಕುಬಿಟ್ಟಳು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. ನೆರೆಮನೆಯವರು ಬಾಗಿಲಿಗೆ ಬಂದು, "ನಮ್ಮನ್ನೇ ಆಡಿಕೊಳ್ಳೋನಿಗೆ ನಗ್ತಾವ್ಳಲ್ಲ, ಏನು ಬಂತು ಇವಳಿಗೆ!" ಎಂದರು. ಅಂಬಿಗ ಜಗಲಿಯಿಂದ ಎದ್ದು ಅವರಿಗೆ ಅಡ್ಡ ನಿಂತ.

"ಬಯ್ಯಲಿ ಬಿಡಿ" ಎಂದ. "ನಮ್ಮನ್ನ ಬಯ್ದಾದ್ರೂ ನನ್ನ ತಂಗಿಯನ್ನ ನಗಿಸಿದ್ನಲ್ಲ."

ಅಂದಿನಿಂದ ಬಣ್ಣಗಾರ್ತಿ ಸಂಜೆಗಾಗಿ ಕಾಯತೊಡಗಿದಳು. ಮಾತುಗಾರ ಹೇಳುವುದು ಸರಿ ಎಂದು ಅವಳು ಒಂದು ದಿನವೂ ಅಂದುಕೊಳ್ಳಲಿಲ್ಲ. ಬಾವಿ ಬತ್ತಿದ್ದು ಕಟ್ಟೆಯಿಂದಾಗಿ ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಅವನು ಪದಗಳನ್ನು ಹಿಡಿಯುವ ರೀತಿ, ಒಂದು ಚಣ ಕೈಯಲ್ಲೇ ಇಟ್ಟುಕೊಂಡು ಬಿಟ್ಟುಬಿಡುವ ರೀತಿ ಅವಳನ್ನು ಕಟ್ಟಿಹಾಕಿತ್ತು. ನೀಲಿಯಿಂದ ಬಟ್ಟೆ ಎತ್ತುವಾಗ ಅವನ ಮಾತುಗಳನ್ನು ತನ್ನಷ್ಟಕ್ಕೇ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಒಂದು ಆಸೆ ಹುಟ್ಟಿತು. ಅವನು ಒಂದೇ ಒಂದು ಸಂಜೆ, ಇಷ್ಟೇ ಚೆಂದವಾಗಿ, ನಮ್ಮ ಕಡೆಯಿಂದ ಮಾತಾಡಿದರೆ? ಆ ಆಸೆ ಅವಳೊಳಗೆ ಹನ್ನೆರಡು ವರ್ಷ ಇತ್ತು.

ಹೀಗಿರುವಾಗ ಆಚೆದಡದ ಯಜಮಾನರ ಮನೆಗೆ ದೂರದ ನೆಂಟರು ಬಂದರು. ಉಂಡರು, ತಾಂಬೂಲ ಹಾಕಿಕೊಂಡರು. ಕಟ್ಟೆಯಿಂದ ನೀರು ಧುಮುಕುವುದನ್ನು ನೋಡಬೇಕು ಎಂದು ಅವರಲ್ಲಿ ಕೆಲವರು ಆಸೆಪಟ್ಟರು. ಉಳಿದವರು ಮಲಗಿದರು. ತೂಬು ತೆರೆಯುವ ಮುಂಚೆ ಎರಡೂ ದಡಕ್ಕೆ ಕೇಳುವಂತೆ ತಮಟೆ ಬಡಿಯಬೇಕು. ಅದು ಮೊದಲಿನಿಂದ ನಡೆದು ಬಂದದ್ದು. ಆ ಮಧ್ಯಾಹ್ನ ತಮಟೆ ಬಡಿಯಲಿಲ್ಲ. ತೂಬು ತೆರೆಯಿತು.

ಅಂಬಿಗ ಆಗ ನಡುಹೊಳೆಯಲ್ಲಿದ್ದ. ಹರಿಗೋಲಿನಲ್ಲಿ ಅವನೊಬ್ಬನೇ ಇದ್ದ. ಈಚೆದಡದ ಅಗಸರೆಲ್ಲ ಬಂಡೆಗಳ ಮೇಲೆ ನಿಂತು ಕೂಗಿದರು. ಅವನು ತಲೆ ಎತ್ತಿ ನೋಡಿದ. ಅಷ್ಟರಲ್ಲಿ ನೀರು ಬಂದಿತ್ತು.

ಮೈ ಸಿಕ್ಕಿದ್ದು ಎರಡು ತಿರುವು ಕೆಳಗೆ. ಎತ್ತಿ ತಂದು ಜಗಲಿಯ ಮೇಲೆ ಮಲಗಿಸಿದರು. ಎಲ್ಲರೂ ಸುತ್ತ ನಿಂತರು. ಯಾರೂ ಅಳಲಿಲ್ಲ. ಅಳುವ ಹಾಗಿರಲಿಲ್ಲ. ಸಂಜೆಯಾಗಬೇಕು, ಮಾತುಗಾರ ಹೇಳಬೇಕು.

ಸಂಜೆಯಾಯಿತು. ಮಾತುಗಾರ ನೆಂಟರ ಸುದ್ದಿ ಹೇಳಿದ. ಅವರು ತಂದ ಹಣ್ಣಿನ ಬುಟ್ಟಿಗಳ ಸುದ್ದಿ ಹೇಳಿದ. ಅಂಬಿಗನ ಸುದ್ದಿ ಹೇಳಲಿಲ್ಲ. ಗಾಜು ಕಪ್ಪಾಯಿತು.

ಮರುದಿನವೂ ಹೇಳಲಿಲ್ಲ. ಅದರ ಮರುದಿನವೂ ಹೇಳಲಿಲ್ಲ. ಆಗದೆ ಇದ್ದ ಸಾವಾದ್ದರಿಂದ ಅಂಬಿಗನ ಮೈ ಕೆಡಲಿಲ್ಲ. ಆದರೆ ಬಟ್ಟೆಯೂ ಒಣಗಲಿಲ್ಲ. ಅವನ ಕೂದಲಿನಿಂದ ಹೊಳೆಯ ನೀರು ತೊಟ್ಟಿಕ್ಕುತ್ತಲೇ ಇತ್ತು. ಅತ್ತಿಗೆ ಜಗಲಿಯ ಕೆಳಗೆ ತಪ್ಪಲೆ ಇಟ್ಟಳು. ಬೆಳಿಗ್ಗೆ ತುಂಬಿದ್ದನ್ನು ಚೆಲ್ಲಿದಳು, ಸಂಜೆ ತುಂಬಿದ್ದನ್ನು ಚೆಲ್ಲಿದಳು. ಕುಂಕುಮ ಇಟ್ಟುಕೊಂಡೇ ಇದ್ದಳು. ಹೊತ್ತು ಹೊತ್ತಿಗೆ ತಟ್ಟೆ ಬಡಿಸಿ ಅವನ ತಲೆಯ ಹತ್ತಿರ ಇಟ್ಟಳು. ಹಾದಿಯಲ್ಲಿ ಹೋಗುವವರು, ಕಟ್ಟಳೆಯಂತೆ, ನಿಂತು ಕೇಳಬೇಕಾಗಿತ್ತು:

"ಏನಣ್ಣ, ಊಟ ಆಯ್ತಾ?"

ಕೇಳಿ, ಉತ್ತರಕ್ಕೆ ಕಾದವರಂತೆ ಸ್ವಲ್ಪ ನಿಂತು, ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಒಂಬತ್ತನೆಯ ದಿನ ಈಚೆದಡದ ಹಿರಿಯ ಮನೆಗೆ ಬಂದ. ಜಗಲಿಯ ಕಡೆ ತಿರುಗಿ, "ಏನಪ್ಪ, ಊಟ ಆಯ್ತಾ?" ಎಂದ. ಆಮೇಲೆ ಹಿತ್ತಲಿಗೆ ಬಂದು ಬಣ್ಣಗಾರ್ತಿಯ ಎದುರು ನಿಂತ.

"ನೀನೇ ಹೋಗಿ ಅವನನ್ನ ಕೇಳು" ಎಂದ. "ಅವನ ಮಾತಿಗೆ ನಗೋಳು ಈ ದಡದಲ್ಲಿ ನೀನೊಬ್ಬಳೇ ತಾನೆ?"

ಆ ಮಾತಿನಲ್ಲಿ ಮುಳ್ಳಿತ್ತು. ಬಣ್ಣಗಾರ್ತಿ ಕೈ ಒರೆಸಿಕೊಂಡು ಹೊರಟಳು. ಹೊಳೆ ಇಳಿದಿತ್ತು. ಸೊಂಟದವರೆಗಿನ ನೀರಿನಲ್ಲಿ ನಡೆದು ಆಚೆದಡ ಹತ್ತಿದಳು.

ಮಾತುಗಾರನ ಮನೆ ಯಜಮಾನರ ತೋಟದ ತುದಿಯಲ್ಲಿ, ಉಳಿದ ಮನೆಗಳ ಸದ್ದು ಕೇಳದಷ್ಟು ದೂರದಲ್ಲಿತ್ತು. ಒಂದೇ ಕೋಣೆ. ಒಂದು ಗೋಡೆ ಪೂರ್ತಿ ಗಾಜು. ಗಾಜಿನ ಎದುರು ಒಂದು ಕುರ್ಚಿ, ಕುರ್ಚಿಯ ಪಕ್ಕ ಆಳೆತ್ತರದ ದೀಪ. ಕುರ್ಚಿಯಲ್ಲಿ ಮಾತುಗಾರ ಕೂತಿದ್ದ. ಎದೆಯವರೆಗೆ ಜರಿಯ ಶಾಲು. ಅದರ ಕೆಳಗೆ ತೇಪೆ ಹಾಕಿದ ಪಂಚೆ, ಬರಿಗಾಲು. ಗಾಜಿನಲ್ಲಿ ಎದೆಯವರೆಗೆ ಮಾತ್ರ ಕಾಣುತ್ತದೆಂಬುದು ಅವಳಿಗೆ ಆಗ ಹೊಳೆಯಿತು. ಅವಳು ಅಂದುಕೊಂಡಿದ್ದಕ್ಕಿಂತ ಅವನು ಕುಳ್ಳಗಿದ್ದ, ವಯಸ್ಸೂ ಹೆಚ್ಚಾಗಿತ್ತು.

"ಏನಮ್ಮ, ಯಾರು ನೀನು?" ಎಂದ ಮಾತುಗಾರ.

ಅದೇ ದನಿ. ಹನ್ನೆರಡು ವರ್ಷ ಗೋಡೆಯಿಂದ ಬಂದ ದನಿ, ಈಗ ಗಾಳಿಯಲ್ಲಿ ಬಂತು. ಬಣ್ಣಗಾರ್ತಿಗೆ ಬಂದ ಕೆಲಸವೇ ಮರೆತಂತಾಯಿತು.

"ಈಚೆದಡದವಳು ಸ್ವಾಮಿ. ಬಣ್ಣ ಹಾಕೋಳು."

ಅವನ ತುಟಿಯ ಎಡಗಡೆ ಮೇಲೇರಿತು. ಅವಳ ನೀಲಿ ಕೈಗಳನ್ನು ನೋಡಿದ. "ಹೌದು ಹೌದು, ಕಾಣುತ್ತದೆ. ನಿಮ್ಮ ದಡದಲ್ಲಿ ಬಣ್ಣ ಬಯಲಾದ ಬಹಳ ಜನರನ್ನು ನೋಡಿದ್ದೇನೆ. ಬಣ್ಣ ಮೈಗಂಟಿದವಳನ್ನು ನೋಡಿದ್ದು ಇವತ್ತೇ."

ಬಣ್ಣಗಾರ್ತಿ ನಕ್ಕಳು. ತಡೆಯಲಾಗಲಿಲ್ಲ. ಮಾತುಗಾರ ಬೆಚ್ಚಿಬಿದ್ದು ಕುರ್ಚಿಯಿಂದ ಅರ್ಧ ಎದ್ದ.

"ಏನದು ಸದ್ದು?"

"ನಕ್ಕೆ ಸ್ವಾಮಿ. ತಪ್ಪಾಯ್ತು."

"ನಕ್ಕೆಯಾ?" ಎಂದು ಅವನು ಮೆಲ್ಲಗೆ ಕೇಳಿದ. "ನನ್ನ ಮಾತಿಗೆ?" ಆಮೇಲೆ ಗಾಜಿನ ಕಡೆ ಕೈ ತೋರಿಸಿದ. "ಇದು ನನ್ನ ದನಿಯನ್ನು ಹೊರಗೆ ಬಿಡುತ್ತದೆ. ನಿಮ್ಮದನ್ನು ಒಳಗೆ ಬಿಡುವುದಿಲ್ಲ. ಇಷ್ಟು ವರ್ಷ ಮಾತಾಡಿದ್ದೇನೆ, ಯಾರಾದರೂ ನಗುತ್ತಾರೋ ಇಲ್ಲವೋ ಗೊತ್ತೇ ಇರಲಿಲ್ಲ. ಇಲ್ಲಿಗೆ ಬರುವವರು ಸುದ್ದಿ ತರುತ್ತಾರೆ, ಎಣ್ಣೆ ತರುತ್ತಾರೆ. ಯಾರೂ ನಕ್ಕಿರಲಿಲ್ಲ."

ಬಣ್ಣಗಾರ್ತಿ ಬಾವಿಯ ಮಾತು ಹೇಳಿದಳು. ಸಭೆಯ ಮಾತು ಹೇಳಿದಳು. ಸೇತುವೆಯ ಮಾತು ಹೇಳಿದಳು. ಅವನು ಮರೆತೇ ಬಿಟ್ಟಿದ್ದ ಎಷ್ಟೋ ಸಂಜೆಗಳ ಮಾತುಗಳನ್ನು ಒಂದೊಂದಾಗಿ, ಅವನು ನಿಲ್ಲುತ್ತಿದ್ದಲ್ಲೇ ನಿಂತು, ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ಅವಳು ನಕ್ಕಾಗಲೆಲ್ಲ ಅವನ ಮುಖ ಬಿಸಿಲು ಬಿದ್ದ ಗೋಡೆಯಂತಾಗುತ್ತಿತ್ತು.

ಆಮೇಲೆ ಅವಳು ಅಣ್ಣನ ವಿಷಯ ಹೇಳಿದಳು. ತೂಬಿನ ವಿಷಯ ಹೇಳಿದಳು. ತಮಟೆ ಬಡಿಯದ ವಿಷಯ ಹೇಳಿದಳು. ಜಗಲಿಯ ಕೆಳಗಿನ ತಪ್ಪಲೆಯ ವಿಷಯ ಹೇಳಿದಳು.

ಮಾತುಗಾರ ಕಣ್ಣು ತೆರೆದ. "ಹೇಗಿದ್ದ ನಿಮ್ಮಣ್ಣ?" ಎಂದ.

"ಒಳ್ಳೆಯವನು ಸ್ವಾಮಿ. ಹರಿಗೋಲು ಹತ್ತಿದವರನ್ನೆಲ್ಲ 'ಯಾವ ದಡ?' ಅಂತ ಕೇಳೋನು. ಇರೋದೇ ಎರಡು, ಒಂದರ ಮೇಲೆ ನಿಂತೇ ಇರ್ತೀವಿ. ಆದ್ರೂ ಕೇಳೋನು. ಕೇಳದೆ ಹುಟ್ಟು ಹಾಕ್ತಿರಲಿಲ್ಲ."

ಮಾತುಗಾರ ಮುಗುಳ್ನಕ್ಕ. "ನಿನಗಾಗಿ ಹೇಳುತ್ತೇನೆ" ಎಂದ. "ಇವತ್ತೇ ಹೇಳುತ್ತೇನೆ."

"ತೂಬಿನದೂ ಹೇಳಿ ಸ್ವಾಮಿ."

ಅವನು ಶಾಲು ಸರಿಮಾಡಿಕೊಂಡ. "ಹೊತ್ತಾಗುತ್ತದೆ, ಹೊರಡಮ್ಮ" ಎಂದ.

ಆ ಸಂಜೆ ಅಂಬಿಗನ ಮನೆಯಲ್ಲಿ ಬೀದಿಯವರೆಲ್ಲ ಸೇರಿದ್ದರು. ಅತ್ತಿಗೆ ಮುಂದೆ ಕೂತಿದ್ದಳು. ಬಣ್ಣಗಾರ್ತಿ ಕಂಬಕ್ಕೆ ಒರಗಿ ನಿಂತಿದ್ದಳು. ಗಾಜು ಬೆಳಗಿತು. ಮಾತುಗಾರ ಮೊದಲು ಆಚೆದಡದ ನಾಲ್ಕು ಸುದ್ದಿ ಹೇಳಿದ. ಆಮೇಲೆ ತುಟಿಯ ಎಡಗಡೆ ಮೇಲೇರಿತು. ಒಂದು ಚಣ ನಿಂತ.

"ಈಚೆದಡದ ಅಂಬಿಗ ಹೊಳೆಯಲ್ಲಿ ತೀರಿಕೊಂಡಿದ್ದಾನೆ" ಎಂದ. "ಹತ್ತಿದವರನ್ನೆಲ್ಲ 'ಯಾವ ದಡ?' ಅಂತ ಕೇಳುತ್ತಿದ್ದನಂತೆ. ಇರುವುದೇ ಎರಡು. ಮೊನ್ನೆ ನೀರು ಬಂದು ಅದೇ ಪ್ರಶ್ನೆಯನ್ನು ಅವನಿಗೇ ಕೇಳಿತು. ಎಷ್ಟಾದರೂ ಈಚೆದಡದವನು. ತಡಿ, ಸಭೆ ಸೇರಿಸಿ ಹೇಳ್ತೀನಿ ಅಂದ."

ಹೊಳೆಯ ಆಚೆಯಿಂದ ನಗೆ ಉರುಳಿಕೊಂಡು ಬಂತು. ಕಂಬದ ಹತ್ತಿರ ಬಣ್ಣಗಾರ್ತಿಯ ಬಾಯಿಂದಲೂ ನಗು ಹೊರಬಿತ್ತು. ಅವಳು ಬೇಡವೆಂದುಕೊಳ್ಳುವ ಮೊದಲೇ ಬಿದ್ದುಹೋಗಿತ್ತು. ಆ ಮಾತಿನಲ್ಲಿ ಅಣ್ಣ ಇದ್ದ. ನೀರಿನ ಎದುರು ಹುಟ್ಟು ಊರಿಕೊಂಡು, ಕತ್ತು ಓರೆ ಮಾಡಿ, ತಡಿ ಎನ್ನುತ್ತಿದ್ದ ಅಣ್ಣ ಇದ್ದ. ಒಂಬತ್ತು ದಿನದಲ್ಲಿ ಮೊದಲ ಸಲ ಅವನು ಅವಳಿಗೆ ಕಂಡಿದ್ದ.

ಜಗಲಿಯಲ್ಲಿ ತೊಟ್ಟಿಕ್ಕುವ ಸದ್ದು ನಿಂತಿತು.

ಆಮೇಲೆ ಅಳು ಎದ್ದಿತು. ಒಂಬತ್ತು ದಿನ ಕಟ್ಟಿಕೊಂಡಿದ್ದ ಅಳು ಬೀದಿಗೆ ಬೀದಿಯನ್ನೇ ತುಂಬಿತು. ಮಾತುಗಾರ ಗಾಜಿನಲ್ಲಿ ಬೇರೆ ಸುದ್ದಿಗೆ ಹೋಗಿದ್ದ. ತೂಬಿನ ಮಾತು ಬರಲಿಲ್ಲ. ತಮಟೆಯ ಮಾತು ಬರಲಿಲ್ಲ. ಅಂಬಿಗ ಸತ್ತದ್ದು ಆಯಿತು. ತೂಬು ತೆರೆದದ್ದು ಆಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ಹಿತ್ತಲಿಗೆ ಬಂದಳು. ಹಣೆ ಬರಿದಾಗಿತ್ತು. ಬಣ್ಣಗಾರ್ತಿ ತೊಟ್ಟಿಯ ಅಂಚಿನಲ್ಲಿ ಕೂತಿದ್ದಳು.

"ನೀನು ನಕ್ಕಿದ್ದು ನನಗೆ ಕೇಳಿಸ್ತು" ಎಂದಳು ಅತ್ತಿಗೆ.

ಬಣ್ಣಗಾರ್ತಿ ತಲೆ ಎತ್ತಲಿಲ್ಲ. "ಹೊಡೀರಿ ಅತ್ತಿಗೆ. ನನ್ನನ್ನ ಹೊಡೆದುಬಿಡಿ."

ಅತ್ತಿಗೆ ಅವಳ ಪಕ್ಕದಲ್ಲಿ ಕುಸಿದು ಕೂತಳು. "ನನಗೂ ನಗು ಬಂತು ಕಣೇ" ಎಂದಳು. "ಬಾಯಿ ಮುಚ್ಕೊಂಡೆ, ಅಷ್ಟೇ. ಅವರ ಹಾಗೇ ಇತ್ತು. ಥೇಟು ಅವರ ಹಾಗೇ ಇತ್ತು. ಅದಕ್ಕೇ ಈ ಅಳು ನಿಲ್ತಾ ಇಲ್ಲ."

ತಿಥಿ ಮುಗಿದ ಮರುದಿನ ಬಣ್ಣಗಾರ್ತಿ ಮತ್ತೆ ಹೊಳೆ ದಾಟಿದಳು. ಮಾತುಗಾರ ಬಾಗಿಲಲ್ಲೇ ನಿಂತಿದ್ದ. ಎಷ್ಟು ದಿನದಿಂದ ಹಾಗೆ ನಿಂತಿದ್ದನೋ.

"ನಕ್ಕೆಯಾ?" ಎಂದ. ಅದೇ ಅವನ ಮೊದಲ ಮಾತು.

ಸುಳ್ಳು ಹೇಳಬಹುದಿತ್ತು. "ನಕ್ಕೆ" ಎಂದಳು.

ಅವನು ಮಗುವಿನ ಹಾಗೆ ಉಸಿರು ಬಿಟ್ಟ. ಒಳಗೆ ಕರೆದು, ತನ್ನ ಕುರ್ಚಿಯನ್ನೇ ಅವಳಿಗೆ ಬಿಟ್ಟುಕೊಟ್ಟು, ತಾನು ನೆಲದ ಮೇಲೆ ಕೂತ. ಅವಳು ಕುರ್ಚಿಯಲ್ಲಿ ಕೂರದೆ ಅವನೆದುರು ನೆಲದ ಮೇಲೇ ಕೂತಳು.

"ಇನ್ನೊಂದು ಉಳಿದಿದೆ ಸ್ವಾಮಿ. ತೂಬು ತೆರೆದವರು ಯಾರು, ತಮಟೆ ಯಾಕೆ ಬಡಿಯಲಿಲ್ಲ. ಅದು ಹೇಳಿಲ್ಲ ನೀವು."

"ಅವರು ನನ್ನವರಮ್ಮ" ಎಂದ ಮಾತುಗಾರ. ಈ ಸಲ ತುಟಿ ಓರೆಯಾಗಲಿಲ್ಲ. "ಕಟ್ಟೆ ಕಟ್ಟಿದವರು. ನಾನು ಅವರ ಅಂಗಳದಲ್ಲಿ ಆಡಿ ಬೆಳೆದವನು. ಅವರು ಏನೇ ಮಾಡಿದರೂ ನನ್ನ ಕಣ್ಣಿಗೆ ಮೊದಲು ಅದರ ಚೆಂದ ಕಾಣುತ್ತದೆ. ನೀವು ಏನೇ ಮಾಡಿದರೂ ಮೊದಲು ಅದರ ಸೊಟ್ಟ ಕಾಣುತ್ತದೆ. ಬೇಕೆಂದು ಮಾಡುವುದಲ್ಲ."

"ತೂಬು ತೆರೆದದ್ದರಲ್ಲಿ ಏನು ಚೆಂದ ಕಂಡಿತು ಸ್ವಾಮಿ?"

ಅವನು ದೀಪದ ಕಡೆ ನೋಡಿದ. ಗಾಜಿನ ಕಡೆ ನೋಡಿದ. ಗಾಜು ಕಪ್ಪಗಿತ್ತು, ಇನ್ನೂ ಹಗಲು. ಆಮೇಲೆ ಅವಳ ಕಡೆ ಬಾಗಿ, ದನಿ ತಗ್ಗಿಸಿ, ಒಂದು ಚಣ ನಿಂತ.

"ನೆಂಟರ ನಿದ್ದೆ ಕೆಡಬಾರದು ಅಂತ ಯಜಮಾನರು ತಮಟೆ ನಿಲ್ಲಿಸಿದರು. ಬಹಳ ದೊಡ್ಡ ಮನಸ್ಸು. ಅಂಬಿಗನ ನಿದ್ದೆಯೂ ಇನ್ನು ಯಾವತ್ತೂ ಕೆಡದ ಹಾಗೆ ನೋಡಿಕೊಂಡರು."

ಹನ್ನೆರಡು ವರ್ಷದಿಂದ ಬಣ್ಣಗಾರ್ತಿ ಕಾಯುತ್ತಿದ್ದ ಮಾತು ಇದೇ. ಅವಳು ನಕ್ಕಳು, ನಗುತ್ತ ಅತ್ತಳು, ನೀಲಿ ಕೈಯಿಂದ ಮುಖ ಒರೆಸಿಕೊಂಡಳು. ಮಾತುಗಾರ ಅವಳನ್ನೇ ನೋಡುತ್ತಿದ್ದ. ಅವನು ಮತ್ತೊಂದು ಹೇಳಿದ. ಅದಕ್ಕಿಂತ ಚೆಂದದ್ದು ಇನ್ನೊಂದು ಹೇಳಿದ. ಯಜಮಾನರ ಮೇಲೆ, ಅವರ ತೋಟದ ಮೇಲೆ, ಅವರ ಎಣ್ಣೆಯಲ್ಲಿ ಉರಿಯುವ ತನ್ನದೇ ದೀಪದ ಮೇಲೆ. ಎಲ್ಲವೂ ಅವನೊಳಗೆ ಮೊದಲೇ ಸಿದ್ಧವಾಗಿ ಕೂತಿದ್ದವು.

"ಇದನ್ನೇ ಹೇಳಿ ಸ್ವಾಮಿ" ಎಂದಳು ಅವಳು. "ಇವತ್ತು ಸಂಜೆ, ಗಾಜಿನಲ್ಲಿ. ಹೀಗೇ ಹೇಳಿ."

"ಇದು ಗಾಜಿಗಲ್ಲ."

"ಮತ್ತೆ ಯಾರಿಗೆ?"

"ನಿನಗೆ" ಎಂದ ಮಾತುಗಾರ. "ದಿನಾ ಬಾ. ಮಧ್ಯಾಹ್ನ ಬಂದು ಇಲ್ಲಿ ಕೂತುಕೋ. ಸಂಜೆ ಊರಿಗೆ ಹೇಳುವುದನ್ನು ಊರಿಗೆ ಹೇಳುತ್ತೇನೆ. ಇದನ್ನು ನಿನಗೆ ಹೇಳುತ್ತೇನೆ. ನಿನಗೊಬ್ಬಳಿಗೇ. ನೀನು ನಗು, ಸಾಕು. ನಿಮ್ಮ ದಡದ ಮೇಲೆ ಎಷ್ಟು ಹೇಳಿದ್ದೇನೋ ಅಷ್ಟನ್ನೂ ತಿರುಗಿಸಿ ಹೇಳುತ್ತೇನೆ."

ಬಣ್ಣಗಾರ್ತಿ ನೆಲ ನೋಡುತ್ತ ಕೂತಳು. ಅವಳ ಮುಂದೆ ಎಷ್ಟೋ ಮಧ್ಯಾಹ್ನಗಳು ಸಾಲಾಗಿ ಬಂದು ನಿಂತವು. ಆ ದನಿ, ಆ ಒಂದು ಚಣ, ಆಮೇಲೆ ಬಿಡುಗಡೆ. ಬೇಕು ಎಂದು ಅವಳ ಮೈಯೆಲ್ಲ ಅಂದಿತು. ಅವನ ಬರಿಗಾಲು ಅವಳಿಗೆ ಕಾಣುತ್ತಿತ್ತು. ಹಿಮ್ಮಡಿ ಒಡೆದಿತ್ತು.

"ನಾನೊಬ್ಬಳೇ ಕೇಳಿ ನಕ್ಕುಬಿಟ್ಟರೆ ಅದು ಇಲ್ಲೇ ಮುಗಿದುಹೋಗುತ್ತೆ ಸ್ವಾಮಿ" ಎಂದಳು ಕೊನೆಗೆ. "ನನಗೆ ಹೊಟ್ಟೆ ತುಂಬುತ್ತೆ. ಹೊಳೆಯಲ್ಲಿ ಹೋದವನಿಗೆ ಏನೂ ಸಿಗಲ್ಲ. ನಾಳೆ ಇನ್ನೊಬ್ಬ ಹೋಗ್ತಾನೆ."

"ಬರುವುದಿಲ್ಲವೇ?"

"ಬರಲ್ಲ ಸ್ವಾಮಿ."

"ಸಂಜೆ ಗಾಜಿನ ಮುಂದೆ ಕೂರುತ್ತೀಯಲ್ಲ? ಅಲ್ಲಿ ನಗುತ್ತೀಯಲ್ಲ?"

ಅವಳು ಎದ್ದು ಅವನಿಗೆ ಕೈ ಮುಗಿದಳು, ಮನಸ್ಸಿಟ್ಟು ಮುಗಿದಳು. ಹೊಳೆಗೆ ಇಳಿಯುವಾಗ ಹಿಂದೆ ತಿರುಗಿ ನೋಡಿದಳು. ಅವನು ಬಾಗಿಲಲ್ಲಿ ಜರಿಯ ಶಾಲು ಹೊದ್ದು ನಿಂತಿದ್ದ.

ಅಂದು ದೀಪ ಹಚ್ಚುವ ಹೊತ್ತಿಗೆ ಊರೆಲ್ಲ ಗಾಜಿನ ಮುಂದೆ ಕೂತಾಗ ಬಣ್ಣಗಾರ್ತಿ ಎದ್ದು ಹೊಳೆಯ ಮೆಟ್ಟಿಲಿಗೆ ಹೋದಳು. ನೀರಿನ ಕಡೆ ಮುಖ ಮಾಡಿ ನಿಂತು ಹೇಳಿದಳು:

"ಕಟ್ಟೆಯ ತೂಬು ತೆರೆದರು. ತಮಟೆ ಬಡಿಯಲಿಲ್ಲ. ನನ್ನಣ್ಣ ಮುಳುಗಿದ."

ಅಷ್ಟೇ. ಕೇಳುವವರು ಯಾರೂ ಇರಲಿಲ್ಲ. ಅವಳ ಮಾತು ಅವಳ ಕಿವಿಗೇ ಒಣ ಕಟ್ಟಿಗೆಯ ಹಾಗೆ ಕೇಳಿಸಿತು. ಮರುದಿನ ಸಂಜೆ ಮತ್ತೆ ಹೋದಳು, ಅದನ್ನೇ ಹೇಳಿದಳು. ಬೀದಿಯವರು, "ಯಾವ ತೂಬು? ಗಾಜಿನಲ್ಲಿ ಬಂದಿಲ್ಲವಲ್ಲ" ಎಂದರು. ಕಣ್ಣಾರೆ ನೋಡಿದ ಅಗಸರೂ ಹಾಗೇ ಅಂದು ಮುಖ ತಿರುಗಿಸಿದರು. ಅವಳು ಮೂರನೆಯ ಸಂಜೆಯೂ ಹೋದಳು.

ಏಳನೆಯ ಸಂಜೆ ಅತ್ತಿಗೆ ಬಂದು ಪಕ್ಕದಲ್ಲಿ ನಿಂತಳು. ಆಮೇಲೆ ಹಿರಿಯ ಬಂದ. ನೀರು ನೋಡುತ್ತ, "ನಾನೂ ನೋಡಿದ್ದೆ ತಾಯಿ" ಎಂದ. ಅಗಸರಲ್ಲಿ ಇಬ್ಬರು ಬಂದರು. ಬುಟ್ಟಿ ಹೆಣೆಯುವ ಮುದುಕಿಯೊಬ್ಬಳು ಬಂದಳು. ಬಂದವರು ಮೆಟ್ಟಿಲ ಮೇಲೆ ಕೂತು ಅವಳು ಹೇಳುವುದನ್ನು ಕೇಳಿದರು. ಕೇಳಿ ಎದ್ದು ಹೋದರು.

ಬೇಸಿಗೆ ಕಳೆಯುವ ಹೊತ್ತಿಗೆ ಆಚೆದಡದಿಂದ ಒಬ್ಬ ಮನುಷ್ಯ ನೀರಿಗಿಳಿದು ನಡೆದು ಬಂದ. ಹೆಗಲಿಗೆ ತಮಟೆ ಇತ್ತು. ಮೆಟ್ಟಿಲ ಬುಡದಲ್ಲಿ, ನೀರಿನಲ್ಲೇ ನಿಂತುಕೊಂಡ.

"ಅವತ್ತು ನಾನು ತಮಟೆ ಕಾಯಿಸಿಕೊಂಡು ಹೊರಟಿದ್ದೆ ಕಣವ್ವ" ಎಂದ ತಮಟೆಯವನು. "ಯಜಮಾನರ ಮನೆಯವರು ಕೈಯಿಂದ ಕೋಲು ಕಿತ್ಕೊಂಡ್ರು. ನೆಂಟರು ಮಲಗವ್ರೆ ಅಂದ್ರು. ನಾನು ಕೊಟ್ಟುಬಿಟ್ಟೆ. ಕೊಡಬಾರದಾಗಿತ್ತು."

ಯಾರೂ ಅವನನ್ನು ಬಯ್ಯಲಿಲ್ಲ. ಬಣ್ಣಗಾರ್ತಿ ಕೈ ಚಾಚಿ ಅವನನ್ನು ಮೆಟ್ಟಿಲ ಮೇಲಕ್ಕೆ ಎಳೆದುಕೊಂಡಳು.

ಮುಂದಿನ ವರ್ಷ ನೆಂಟರು ಮತ್ತೆ ಬಂದರು. ತೂಬು ಮತ್ತೆ ತೆರೆಯಿತು. ಆ ಮಧ್ಯಾಹ್ನ ಯಾರೂ ಹೇಳದೆ, ಯಾರನ್ನೂ ಕೇಳದೆ, ತಮಟೆಯವನು ಕಟ್ಟೆಯ ಮೇಲೆ ನಿಂತು ಕೈ ಸೋಲುವವರೆಗೆ ಬಡಿದ. ಹೊಳೆಯಲ್ಲಿದ್ದ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಬಂಡೆ ಹತ್ತಿದರು. ನೀರು ಬಂತು, ಹೋಯಿತು. ಯಾರೂ ಸಾಯಲಿಲ್ಲ. ಆ ಸಂಜೆ ಗಾಜಿನಲ್ಲಿ ಅದು ಬರಲಿಲ್ಲ. ಮೆಟ್ಟಿಲ ಮೇಲೆ ಮಾತ್ರ ಕಾಲಿಡಲು ಜಾಗವಿರಲಿಲ್ಲ.

ಬಣ್ಣಗಾರ್ತಿ ಎದ್ದು ನಿಂತು ಹೇಳಿದಳು. ತೂಬು ತೆರೆದದ್ದು ಹೇಳಿದಳು, ತಮಟೆ ಬಡಿದದ್ದು ಹೇಳಿದಳು, ಬಂಡೆ ಹತ್ತಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿದಳು. ನಡುವೆ ಎರಡು ಸಲ ತಡವರಿಸಿದಳು, ಒಂದು ಹೆಸರು ತಪ್ಪಿತು, ಯಾರೋ ತಿದ್ದಿದರು. ಜನ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು, ತಲೆಯಾಡಿಸುತ್ತ ಕೇಳಿದರು. ಯಾರೂ ನಗಲಿಲ್ಲ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅವಳು ಹೇಳಿ ಮುಗಿಸಿದಾಗ ಆಚೆದಡದ ಮನೆಗಳ ಗಾಜುಗಳಿಂದ ಮಾತುಗಾರನ ದನಿ ಹೊಳೆಯ ಮೇಲೆ ತೇಲಿ ಬಂತು. ಪದಗಳು ಕೇಳುತ್ತಿರಲಿಲ್ಲ. ಏರಿದ್ದು ಕೇಳಿತು, ಇಳಿದದ್ದು ಕೇಳಿತು, ನಿಂತದ್ದು ಕೇಳಿತು. ಬಣ್ಣಗಾರ್ತಿ ಆ ನಿಂತ ಕಡೆಗೆ ಕಿವಿಯಿಟ್ಟು, ಉಸಿರು ಹಿಡಿದು ನಿಂತಳು.

"ಏನೇ ಅದು?" ಎಂದಳು ಅತ್ತಿಗೆ.

"ಏನಿಲ್ಲ ಅತ್ತಿಗೆ" ಎಂದಳು ಬಣ್ಣಗಾರ್ತಿ. "ಇದನ್ನ ಅವರು ಹೇಳಿದ್ದಿದ್ರೆ ಎಷ್ಟು ಚೆನ್ನಾಗಿ ಹೇಳ್ತಿದ್ರು."